ಎಂಟು ಗಂಟೆಯ ಸೆಂಟು

ಇಡೀ ಮೈಸೂರಿನಲ್ಲಿ ನಮ್ಮ ಚಿಕ್ಕಪ್ಪನಷ್ಟು ದುಬಾರಿ ಸೆಂಟು ಹಾಕಿಕೊಳ್ಳುವ ಗಂಡಸು ಇನ್ನೊಬ್ಬರಿಲ್ಲ. ಈವರೆಗೆ ಒಂದೇ ಒಂದು ಬಾಟಲಿಯನ್ನೂ ಅವರು ಕೊಂಡಿಲ್ಲ ಎಂಬುದು ಬೇರೆ ಮಾತು!

ಪ್ರತಿ ಶನಿವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅರ್ಧತೋಳಿನ ಅಂಗಿ ತೊಟ್ಟು, ರಾಮಕೃಷ್ಣನಗರದ ಬಾಡಿಗೆ ಮನೆಯಿಂದ ಮಾಲ್‌ಗೆ ಹೊರಡುತ್ತಾರೆ. ಅರ್ಧತೋಳೇ ಏಕೆ? ಎಡ ಮಣಿಕಟ್ಟಿಗೊಂದು, ಬಲ ಮಣಿಕಟ್ಟಿಗೊಂದು, ಮೊಣಕೈ ಮಡಿಕೆಗೊಂದು ಎಂದು ಜಾಗ ಬೇಕಲ್ಲ! ಸೆಂಟಿನ ಅಂಗಡಿಯ ಹುಡುಗಿ ಕಾಗದದ ಪಟ್ಟಿಗೆ ಸಿಂಪಡಿಸಿ ಕೊಟ್ಟರೆ, "ಕಾಗದ ಬೆವರುತ್ತೇನಮ್ಮ? ನಾನು ಬೆವರ್ತೀನಿ. ನನ್ನ ಮೇಲೇ ಹಾಕು" ಎನ್ನುತ್ತಾರೆ. ಒಂದು ವಾಸನೆಯಿಂದ ಇನ್ನೊಂದಕ್ಕೆ ಹೋಗುವ ಮುನ್ನ ಮೂಗು ತಿಳಿಯಾಗಲೆಂದು ಅಲ್ಲೊಂದು ಬಟ್ಟಲಲ್ಲಿ ಕಾಫಿ ಬೀಜ ಇಟ್ಟಿರುತ್ತಾರೆ. ಮೊದಲ ಸಲ ಚಿಕ್ಕಪ್ಪ ಅದನ್ನು ಮೂಸಿ ಮುಖ ಸಿಂಡರಿಸಿದರು. "ಚಿಕೋರಿ ಇಲ್ದೆ ಇದೆಂಥಾ ಕಾಫಿ?" ಮುಂದಿನ ವಾರದಿಂದ ಜೇಬಿನಲ್ಲಿ ತಮ್ಮದೇ ಪುಡಿಯ ಪೊಟ್ಟಣ!

ನಿವೃತ್ತರಾಗುವವರೆಗೆ ಅವರು ವಿಮೆ ಸರ್ವೆಯರ್ ಆಗಿದ್ದರು. ಅಪಘಾತವಾದ ಗಾಡಿಗಳನ್ನು ನೋಡಿ ನಷ್ಟಕ್ಕೆ ಬೆಲೆ ಕಟ್ಟುವುದು ಅವರ ಕೆಲಸ. ಆ ಕಣ್ಣು ಈಗ ಮೂಗಿಗೆ ಇಳಿದಿದೆ.

"ಇದ್ರಲ್ಲಿ ಚರ್ಮ, ಹೊಗೆ, ಹಳೇ ಮರ ಎಲ್ಲಾ ಬರುತ್ತೆ ಅಂಕಲ್."

"ಗೊತ್ತಮ್ಮ. ಸುಟ್ಟ ಲಾರಿ ಕ್ಯಾಬಿನ್ನು. ಕಡಕೊಳದ ಹತ್ರ ಇಂಥವು ಎಷ್ಟು ನೋಡಿಲ್ಲ! ಬೆಲೆ ಎಷ್ಟು?"

"ಹದಿನೆಂಟು ಸಾವಿರ."

"ಲಾರಿ ಸಮೇತಾನಾ?"

ಈ ಮಾತುಕತೆಯನ್ನು ನಾನು ಕಣ್ಣಾರೆ ಕಂಡೆನೋ, ಚಿಕ್ಕಪ್ಪ ಹೇಳಿದ್ದನ್ನು ಕೇಳಿ ಕೇಳಿ ಕಂಡ ಹಾಗೆ ಅನ್ನಿಸುತ್ತಿದೆಯೋ, ಆಣೆ ಇಟ್ಟು ಹೇಳಲಾರೆ. ನನ್ನ ಡೈರಿಯಲ್ಲಿ ಆ ದಿನ "ಸುಟ್ಟ ಲಾರಿ" ಎಂದಷ್ಟೇ ಇದೆ. ಉಳಿದದ್ದನ್ನು ನಾನೇ ತುಂಬಿಕೊಂಡಿರಬಹುದು.

ಚಿಕ್ಕಪ್ಪನದು ಒಂದೇ ಶರತ್ತು. ಮೈಮೇಲೆ ಎಂಟು ಗಂಟೆ ನಿಲ್ಲುವ ಸೆಂಟು ಸಿಕ್ಕಿದರೆ, ಬೆಲೆ ಎಷ್ಟೇ ಆಗಲಿ, ಜೀವಮಾನಕ್ಕೊಂದು ಬಾಟಲಿ ಕೊಳ್ಳುವುದು. ಆದರೆ ನಿಂತಿತೋ ಇಲ್ಲವೋ ಎಂದು ಹೇಳುವವರು ಯಾರು? ಹಾಕಿಕೊಂಡ ಅರ್ಧ ಗಂಟೆಗೆಲ್ಲ ನಮ್ಮ ಮೂಗು ನಮ್ಮದೇ ವಾಸನೆಗೆ ಒಗ್ಗಿಬಿಡುತ್ತದೆ. "ಅಲ್ದೆ, ಸರ್ವೆಯರ್ ಆದೋನು ತನ್ನ ಗಾಡಿಗೆ ತಾನೇ ರಿಪೋರ್ಟ್ ಬರೆಯೋ ಹಂಗಿಲ್ಲ ಕಣಮ್ಮ. ಬೇರೆಯವರ ಮೂಗೇ ಆಗ್ಬೇಕು" ಎಂದು ನನಗೆ ವಿವರಿಸಿದರು.

ಮದುವೆಯಾಗದೆ ಒಬ್ಬರೇ ಬದುಕಿದ ಮನುಷ್ಯ ಬೇರೆಯವರ ಮೂಗನ್ನು ಎಲ್ಲಿಂದ ತಂದಾರು? ಮೊದಲು ಸಿಟಿ ಬಸ್ಸಿನ ಕಂಡಕ್ಟರ್ ಮುಂದೆ ಕೈ ಚಾಚಿದರು. "ಪಾಸ್ ತೋರ್ಸಿ ಅಂದ್ರೆ ಕೈ ತೋರಿಸ್ತೀರಲ್ಲ ಯಜಮಾನ್ರೇ, ನಾನೇನು ಜ್ಯೋತಿಷಿನಾ?" ಎಂದ ಆತ. ಆಮೇಲೆ ಡಾಕ್ಟರ ಬಳಿ ಹೋದರು, ಫೀಸು ಕೊಟ್ಟು, ಸರದಿಯಲ್ಲಿ ಕೂತು! ಡಾಕ್ಟರು ನಾಡಿ ಹಿಡಿದು ತೊಂದರೆ ಏನೆಂದು ಕೇಳಿದರೆ, "ತೊಂದ್ರೆ ಏನಿಲ್ಲ ಡಾಕ್ಟ್ರೇ. ಹೆಂಗೂ ಕೈ ಹಿಡ್ಕೊಂಡಿದ್ದೀರಿ, ಒಂದ್ಸಲ ಮೂಸಿ ಹೇಳ್ಬುಡಿ." ಡಾಕ್ಟರು ಬಿ.ಪಿ. ಮಾತ್ರೆ ಬರೆದು ಕಳಿಸಿದರಂತೆ. ಕೇಳಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರ ಕೈ ಹಿಡಿಯುವವರು ಊರಿನಲ್ಲಿ ಡಾಕ್ಟರೊಬ್ಬರೇ ಎಂಬುದು ಆಗ ಹೊಳೆಯಲಿಲ್ಲವಲ್ಲ!

ಕೊನೆಗೆ ಆ ಕೆಲಸ ನನ್ನ ಮೂಗಿಗೆ ಬಿತ್ತು. ಒಂಟಿಕೊಪ್ಪಲಿನ ಮಹಡಿ ಮನೆಯಲ್ಲಿ ನಾನೂ ಒಬ್ಬಳೇ ಇರುವುದು, ಕಾಲೇಜಿನ ಪೇಪರು ತಿದ್ದಿಕೊಂಡು. ಹನ್ನೊಂದಕ್ಕೆ ಸೆಂಟು ಹಾಕಿಸಿಕೊಂಡು ಮಾಲ್‌ನಿಂದ ನೇರ ನನ್ನಲ್ಲಿಗೆ ಬರುತ್ತಿದ್ದರು. ಗಂಟೆಗೊಮ್ಮೆ ಅವರು ಕೈ ಚಾಚುವುದು, ನಾನು ಮೂಸುವುದು, ಅವರು ಹಳೆಯ ಸರ್ವೆ ಫಾರಂನ ಬೆನ್ನಿಗೆ "ಇದೆ" ಎಂದು ಬರೆದು ಸಮಯ ಹಾಕುವುದು. ನಡುವೆ ಊಟ, ಪದಬಂಧ, ಜಗಳ. ಊಟವಾದರೂ ಎಂಥದ್ದು? "ಇವತ್ತು ಒಗ್ಗರಣೆ ಹಾಕ್ಬೇಡ ಕಣಮ್ಮ, ಸಾಕ್ಷಿ ಕೆಡುತ್ತೆ!" ಹೀಗಾಗಿ ಪ್ರತಿ ಶನಿವಾರ ಸಪ್ಪೆ ಮೊಸರನ್ನ.

ಒಂದು ಸೆಂಟು ಮೂರೇ ಗಂಟೆಯಲ್ಲಿ ಸತ್ತಿತು. ಇನ್ನೊಂದು ಐದರಲ್ಲಿ. ಪ್ರತಿ ಸಲವೂ ಚಿಕ್ಕಪ್ಪ ಗೆದ್ದವರ ಹಾಗೆ ಎದ್ದು ನಿಂತು, "ಶುದ್ಧ ಮೋಸ! ಮುಂದಿನ ಶನಿವಾರ ಬೇರೇದು ನೋಡೋಣ" ಎನ್ನುತ್ತಿದ್ದರು. ದುಡ್ಡು ಉಳಿದ ಖುಷಿ ಎಂದುಕೊಂಡೆ. ಓದಿದವರಿಗೆ ಇಷ್ಟಾದರೂ ದಡ್ಡತನ ಬೇಡವೇ?

ಕಳೆದ ತಿಂಗಳು ಒಂದು ಬಂತು. ಒಣಗಿದ ಕಿತ್ತಳೆ ಸಿಪ್ಪೆ, ಹೊಸ ಪುಸ್ತಕದ ಬೈಂಡು, ಚೂರು ಕಾಳುಮೆಣಸು. ಐದನೆಯ ಗಂಟೆಗೂ ಇತ್ತು, ಆರಕ್ಕೂ ಇತ್ತು. ಏಳನೆಯ ಗಂಟೆಗೆ ಚಿಕ್ಕಪ್ಪನ ಮಾತು ಕಡಿಮೆಯಾಯಿತು. ಸಂಜೆ ಏಳಕ್ಕೆ ಎಂಟು ಗಂಟೆ ತುಂಬಿತು. ಕೈ ಚಾಚಿದರು.

"ಹೋಗಿರ್ಬೇಕು, ಅಲ್ವಾ?"

ನಾನು ಬಾಗಿ ಮೂಸಿದೆ.

"ಒಂದು ವೇಳೆ ಇದ್ರೆ, ಚಿಕ್ಕಪ್ಪ?"

"ಇದ್ರೆ ತಗೊಳ್ಳೋದು. ಮಾತು ಮಾತೇ." ಅವರು ಪೆನ್ನಿನ ಮುಚ್ಚಳ ತಿರುಗಿಸುತ್ತಿದ್ದರು. "ಅಲ್ಲಿಗೆ ಕೆಲಸ ಮುಗೀತಲ್ಲ. ನಿಂಗೂ ಶನಿವಾರ ಬಿಡುವಾಗುತ್ತೆ. ಎಷ್ಟು ದಿನ ಅಂತ ನಿನ್ನ ಗೋಳು ಹುಯ್ಕೊಳ್ಳೋದು?"

ಬಿಡುವು! ಅದನ್ನಿಟ್ಟುಕೊಂಡು ನಾನು ಏನು ಮಾಡಲಿ? ಒಬ್ಬರ ಮೈಯ ವಾಸನೆ ಹೇಳಬೇಕಾದರೆ ಗೇಣು ದೂರಕ್ಕೆ ಹೋಗಬೇಕು. ಬೇರೆ ಯಾರ ಬಳಿ ನಾನು ಅಷ್ಟು ಹತ್ತಿರ ಹೋಗುತ್ತೇನೆ? ನನ್ನ ಬಳಿ ಯಾರು ಬರುತ್ತಾರೆ?

"ಇಲ್ಲ ಚಿಕ್ಕಪ್ಪ," ಎಂದೆ, "ಹೋಗ್ಬುಟ್ಟಿದೆ."

"ಸರಿಯಾಗಿ ನೋಡಿದ್ಯಾ?"

"ಸರಿಯಾಗೇ ನೋಡ್ದೆ."

ಚಿಕ್ಕಪ್ಪ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಲಾರಿ ಮಾಲೀಕರ ಸುಳ್ಳುಗಳನ್ನು ಒಂದೇ ನೋಟಕ್ಕೆ ಹಿಡಿಯುತ್ತಿದ್ದ ಮನುಷ್ಯ. ಆಮೇಲೆ ಫಾರಂನ ಬೆನ್ನಿಗೆ ದೊಡ್ಡದಾಗಿ "ಇಲ್ಲ" ಎಂದು ಬರೆದು, ಸಮಯ ಹಾಕಿ, ಕೆಳಗೆ ಸಹಿಯನ್ನೂ ಮಾಡಿದರು.

ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದು ಹೋದವರು ಗೇಟಿನ ಬಳಿ ನಿಂತು ಮೇಲೆ ನೋಡಿದರು.

"ಶನಿವಾರ ಇರ್ತೀಯಲ್ಲಮ್ಮ?"

"ಎಲ್ಲಿಗೆ ಹೋಗ್ಲಿ ಚಿಕ್ಕಪ್ಪ," ಎಂದೆ. "ಬನ್ನಿ."