ಕಣ್ಣಿಗೆ ಕಾಣದ ಪೆಪ್ಟೈಡ್ ಮಾಲು

ಕಾಂದಿವಲಿಯ ನನ್ನ ಕೆಮಿಕಲ್ ಅಂಗಡಿಗೆ ಗಿರಾಕಿ ಒಂದು ದಿನ ತಪ್ಪಿದರೂ ಮರ್ಯಾದೆ ಹೋಗುವ ಪ್ರಸಂಗ ತಪ್ಪುತ್ತಿರಲಿಲ್ಲ. ಎಂಬತ್ತರ ದಶಕದಲ್ಲಿ ಪೆಪ್ಟೈಡ್ ತರಿಸತೊಡಗಿದ ಮೇಲಂತೂ ಕೇಳುವುದೇ ಬೇಡ.

ಖಾಲಿ ಶೀಷೆ

ಪವಾಯಿಯ ಲ್ಯಾಬಿನಲ್ಲಿ ಮೈಸೂರಿನ ಕಡೆಯ ಮೇಡಂ ಒಬ್ಬರಿದ್ದರು. ತಟ್ಟೆಯಲ್ಲಿ ಚರ್ಮದ ಜೀವಕೋಶ ಬೆಳೆಸಿ, ಅದರ ಮೇಲೆ ಗೀರೆಳೆದು, ಗೀರು ಹೇಗೆ ಮುಚ್ಚುತ್ತದೆಂದು ನೋಡುವುದು ಅವರ ಕೆಲಸ. ಅದಕ್ಕೆ ವಿದೇಶದಲ್ಲಿ ತಯಾರಾದ ಪೆಪ್ಟೈಡ್, ಅಂದರೆ ಪ್ರೋಟೀನಿನ ಕಿರುತುಣುಕು, ಬೇಕಿತ್ತು. ತಿಂಗಳುಗಟ್ಟಲೆ ಕಾದ ಮೇಲೆ ಬಂದದ್ದು ಕಿರುಬೆರಳಿನಷ್ಟು ಶೀಷೆ, ಒಳಗೆ ಏನೂ ಇಲ್ಲ! ಆಸಿಡ್ಡನ್ನು ಕ್ಯಾನುಗಟ್ಟಲೆ ಮಾರಿದವನು ನಾನು. ಮಾಲು ತರಿಸಿಕೊಟ್ಟ ಫೋರ್ಟಿನ ಏಜೆಂಟನಿಗೆ ಫೋನ್ ಮಾಡಿ, "ಗಾಳಿ ಮಾರ್ತೀಯೇನೋ ಚೋರಾ!" ಎಂದು ಝಾಡಿಸಿದೆ.

ಮೇಡಂ ಶೀಷೆಯನ್ನು ಬೆಳಕಿಗೆ ಹಿಡಿದರು. "ಇದೆಯಲ್ರೀ, ಗಾಜಿಗೆ ಅಂಟಿಕೊಂಡಿದೆ."

"ಇಷ್ಟೇನಾ?"

"ನನಗೆ ವರ್ಷಕ್ಕೆ ಸಾಕು."

ಏಜೆಂಟನಿಗೆ ಬೈದದ್ದು ಎರಡು ಮಾತು. ಕ್ಷಮೆ ಕೇಳಲು ಅವನ ಇಡೀ ಮನೆಯವರಿಗೆ ಊಟ ಹಾಕಿಸಬೇಕಾಯಿತು.

ಹೊಗೆಯ ಡಬ್ಬಿ

ಎರಡನೆಯ ಶೀಷೆ ಮರುವರ್ಷ ದೀಪಾವಳಿಯ ಮುನ್ನಾದಿನ ಬಂತು, ಥರ್ಮೊಕೋಲ್ ಡಬ್ಬಿಯಲ್ಲಿ ಒಣ ಮಂಜುಗಡ್ಡೆ, ಅಂದರೆ ಡ್ರೈ ಐಸ್, ತುಂಬಿಕೊಂಡು. "ತಣ್ಣಗೆ ತಲುಪಿಸಿ. ಇದು ಕೆಟ್ಟರೆ ನನ್ನ ಪ್ರಯೋಗ ಮುಗಿದ ಹಾಗೆ," ಎಂದಿದ್ದರು ಮೇಡಂ. ಟ್ಯಾಕ್ಸಿ ಯಾಕೆ ದಂಡ ಎಂದು ನಾನು ಏಜೆಂಟನಿಂದ ಡಬ್ಬಿ ಪಡೆದು ಫೋರ್ಟಿನಲ್ಲೇ ಲೋಕಲ್ ರೈಲು ಹತ್ತಿದೆ. ದಾದರ್ ಬರುವಷ್ಟರಲ್ಲಿ ಡಬ್ಬಿಯಿಂದ ಬಿಳಿ ಹೊಗೆ.

ಬೆಂಕಿ ಬಿತ್ತೆಂದು ಯಾರೋ ಕೂಗಿದರು, "ಆಗ್ ಲಗೀ!" ಪರೋಪಕಾರಿಯೊಬ್ಬ ಮುಚ್ಚಳ ಕಿತ್ತು ತನ್ನ ನೀರಿನ ಬಾಟಲಿಯನ್ನೇ ಒಳಗೆ ಸುರಿದ. ಅದು ಇನ್ನಷ್ಟು ಬುಸುಗುಟ್ಟಿತು. ಜನರೆಲ್ಲ ಬಾಗಿಲಿಗೆ ಒತ್ತಿಕೊಂಡು ನನ್ನನ್ನು ಕೊಲೆಗಾರನಂತೆ ನೋಡಿದರು. ತಲೆ ಎತ್ತಲಾಗಲಿಲ್ಲ. ಆದರೂ ಹೇಳಬೇಕು, ಆ ಹೊತ್ತಿನ ಗಾಡಿಯಲ್ಲಿ ಕಿಟಕಿ ಸೀಟು ಸಿಕ್ಕಿದ್ದು ಅದೊಂದೇ ಸಲ.

ಲಕ್ಷ್ಮಿಯ ಮುಂದೆ

ಶೀಷೆ ಬಿಗಿಯಾಗಿತ್ತು, ಬಚಾವಾಯಿತು. ಮಂಜುಗಡ್ಡೆ ಮುಗಿದಿತ್ತು. ಅಷ್ಟು ಹೊತ್ತಿಗೆ ಹಬ್ಬಕ್ಕೆಂದು ಲ್ಯಾಬಿಗೂ ಬೀಗ ಬಿದ್ದಿರುತ್ತದೆ. ಘಾಟ್ಕೋಪರಿನಲ್ಲಿ ಇಳಿದು, ಉಡುಪಿ ಹೋಟೆಲಿನ ಗೆಳೆಯನ ಐಸ್‌ಕ್ರೀಮ್ ಫ್ರೀಜರಿನಲ್ಲಿ ಇಟ್ಟೆ. ಸುಮ್ಮನಿರಬಾರದೇ? "ಜೋಪಾನ, ಚಿನ್ನಕ್ಕಿಂತ ತುಟ್ಟಿ!" ಎಂದು ಜಂಬ ಕೊಚ್ಚಿದೆ.

ಫೋನಿನಲ್ಲಿ ಸುದ್ದಿ ಕೇಳಿ ಮರುದಿನ ಮೇಡಂ ತಾವೇ ರಿಕ್ಷಾದಲ್ಲಿ ಹೋಟೆಲಿಗೆ ಬಂದರು. ಫ್ರೀಜರಿನಲ್ಲಿ ಶೀಷೆ ಇಲ್ಲ! ಐಸ್‌ಕ್ರೀಮ್ ಡಬ್ಬಿಗಳನ್ನೆಲ್ಲ ಹೊರಗೆಳೆದು ಹುಡುಕಿದೆ. ಗಲ್ಲಾದ ಹಿಂದೆ, ಲಕ್ಷ್ಮಿಯ ಪಟದ ಮುಂದೆ, ದೀಪದ ಪಕ್ಕದಲ್ಲೇ ಪೆಪ್ಟೈಡ್ ವಿರಾಜಮಾನವಾಗಿತ್ತು, ಕುಂಕುಮ ಹಚ್ಚಿಕೊಂಡು, ಸೇವಂತಿಗೆ ಮುಡಿದುಕೊಂಡು.

"ಚಿನ್ನಕ್ಕಿಂತ ತುಟ್ಟಿ ಅಂದ್ರಲ್ಲ ಮಾರಾಯ್ರೆ," ಎಂದ ಗೆಳೆಯ. "ಹಬ್ಬದ ದಿನ ಅದನ್ನು ಪಿಸ್ತಾ ಕುಲ್ಫಿ ಒಟ್ಟಿಗೆ ಇಡ್ಲಿಕ್ಕುಂಟಾ? ಬೆಳಿಗ್ಗೆಯೇ ಪೂಜೆಗೆ ಇಟ್ಟೆ."

ಮೇಡಂ ಹೂವು ಬಿಡಿಸಿದರು. "ಮುಚ್ಚಳ ತೆಗೆದಿಲ್ಲ ತಾನೆ?"

"ಛೆ! ದೇವರ ಎದುರು ಇಟ್ಟದ್ದನ್ನು ಮುಟ್ಲಿಕ್ಕುಂಟಾ?"

"ಒಣಪುಡಿ, ತಡೆದುಕೊಂಡರೂ ತಡೆದುಕೊಳ್ಳಬಹುದು," ಎಂದಷ್ಟೇ ಹೇಳಿ ಒಯ್ದರು. ನನ್ನ ಮುಖ ನೋಡಲಿಲ್ಲ. ಒಳ್ಳೆಯ ಗಿರಾಕಿ ಕೈತಪ್ಪಿತೆಂದು ವಾರಗಟ್ಟಲೆ ಅವರ ಫೋನಿಗೂ ಹೆದರಿ ಕೂತೆ.

ಕೊನೆಗೆ ಫೋನ್ ಬಂತು. "ಪೆಪ್ಟೈಡ್ ಕೆಟ್ಟಿಲ್ಲ. ಇನ್ನೊಂದು ತರಿಸಿ. ಶುದ್ಧತೆ ಶೇಕಡಾ ತೊಂಬತ್ತೈದು, ಉಷ್ಣತೆ ಮೈನಸ್ ಇಪ್ಪತ್ತು ಡಿಗ್ರಿ..."

"ಆಯ್ತು ಮೇಡಂ."

"ಈ ಸಲ ಶೀಷೆಗೆ ಬೇಡ, ಪೂಜೆ ಬಿಲ್ಲಿಗೆ ಮಾತ್ರ."