ಯಾವ ಥಾರ್ನ್‌ಲಿಯವರ ಪೈಕಿ?

ಮೋಟರ್‌ವೇಯಲ್ಲಿ ಮಂಜು ಕವಿದು ಬೀಗರಾಗಬೇಕಾದವರು ದಾರಿಯಲ್ಲೇ ಉಳಿದುಬಿಡಬಹುದಿತ್ತು. ಬಂದವರಿಗೆ ಮೆಣಸಿನಕಾಯಿ ಬಜ್ಜಿಯ ಖಾರ ನೆತ್ತಿಗೇರಬಹುದಿತ್ತು. ಮನೆ ಬೆಚ್ಚಗಿಡುವ ಬಾಯ್ಲರ್ ಕೆಟ್ಟು ಎಲ್ಲರೂ ಕೋಟು ಹಾಕಿಕೊಂಡೇ ಕೂರಬಹುದಿತ್ತು. ಬೂಟು ಬಿಚ್ಚಿದಾಗ ಕಾಲುಚೀಲದ ತೂತು ಬಯಲಾಗಬಹುದಿತ್ತು. ಅವರದ್ದಲ್ಲ, ನಮ್ಮ ಯಜಮಾನರದ್ದು. ಮಗಳ ಮದುವೆ ಮಾತುಕತೆಗೆ ಮುಂಚಿನ ವಾರವಿಡೀ ಇವನ್ನೆಲ್ಲ ನಾನು ಒಂದೊಂದಾಗಿ ಚಿಂತಿಸಿ ಮುಗಿಸಿದ್ದೆ. ನಿಜವಾದ ಭಯ ಬೇರೆಯೇ ಇತ್ತು: ನಮ್ಮ ಭಾವನವರು ಬಾಯಿ ತೆರೆಯಬಹುದಿತ್ತು.

ಭಾವ ಎಂದರೆ ಯಜಮಾನರ ಅಣ್ಣ. ಧಾರವಾಡದ ಕಡೆಯಿಂದ ಬಂದು, ಹಡರ್ಸ್‌ಫೀಲ್ಡಿನಲ್ಲಿ ಜಿಪಿ ಡಾಕ್ಟರಾಗಿದ್ದು ನಿವೃತ್ತರಾದವರು. ಇಂಗ್ಲೆಂಡಿನಲ್ಲಿ ನಮ್ಮ ಮನೆತನಕ್ಕೆ ಹಿರಿಯರು ಅಂತ ಇರುವುದು ಅವರೊಬ್ಬರೇ. ಯಾರ ಅಡ್ಡಹೆಸರು ಕಿವಿಗೆ ಬಿದ್ದರೂ ಅವರದು ಒಂದೇ ಪ್ರಶ್ನೆ, ‘ಯಾರ ಪೈಕಿ?’ ಪಾಟೀಲರನ್ನು ಕೇಳಲಿ, ಸರಿ. ಗಂಟಲು ನೋವೆಂದು ಬಂದ ಯಾರ್ಕ್‌ಶೈರಿನ ಮುದುಕಿಯನ್ನೂ ಕೇಳುವುದೇ? ಅದೂ ನಾಲಗೆಯನ್ನು ಕಡ್ಡಿಯಿಂದ ಒತ್ತಿ ಹಿಡಿದು? ಆಕೆ ಪಾಪ ‘ಆ’ ಎನ್ನುತ್ತಿದ್ದಳು. ಭಾವ ಅದನ್ನು ಒಪ್ಪಿಗೆ ಎಂದುಕೊಳ್ಳುತ್ತಿದ್ದರು.

ಹುಡುಗನ ಮನೆತನದ ಹೆಸರು ಥಾರ್ನ್‌ಲಿ ಎಂದು ನಾನು ಹೇಳಿದ್ದೇ ತಪ್ಪಾಯಿತು. ಮರುದಿನವೇ ಕಾರು ತೆಗೆದುಕೊಂಡು ಹುಡುಗನ ಊರೆಲ್ಲ ಸುತ್ತಿ ಬಂದರು.

“ತಂಗಿ, ಅವರೇನ್ ಸಣ್ಣ ಮಂದಿ ಅಲ್ಲ. ಥಾರ್ನ್‌ಲಿ ಸಾಲಿ ಐತಿ, ಥಾರ್ನ್‌ಲಿ ಮಿಲ್ ಐತಿ, ಥಾರ್ನ್‌ಲಿ ಪಬ್ ಐತಿ. ಅರ್ಧ ಊರ ಅವರದ.”

“ಹುಡುಗನ ಅಪ್ಪ ಲೀಡ್ಸ್‌ನಲ್ಲಿ ಬಸ್ ಓಡಿಸ್ತಾರೆ, ಭಾವ.”

“ದೊಡ್ಡ ಮನಿತನ. ತೋರಿಸ್ಕೊಳ್ಳೂದಿಲ್ಲ.”

ಸಾಲದ್ದಕ್ಕೆ ಟೆಲಿಫೋನ್ ಡೈರೆಕ್ಟರಿಯಲ್ಲಿದ್ದ ಥಾರ್ನ್‌ಲಿಗಳಿಗೆಲ್ಲ ಫೋನ್ ಮಾಡಿ ಸಂಬಂಧ ವಿಚಾರಿಸಿದರು. ಒಬ್ಬಾಕೆ, ಕಿಟಕಿ ಮಾರುವವರ ಫೋನೆಂದುಕೊಂಡು, ಮನೆಗೆ ಹೊಸ ಕಿಟಕಿ ಬೇಡವೆಂದು ಹೇಳಿ ಇಟ್ಟುಬಿಟ್ಟಳಂತೆ. ಅದು ಸೊಕ್ಕಿನ ಶಾಖೆ ಎಂದು ಭಾವ ತೀರ್ಮಾನಿಸಿದರು.

ಆ ಭಾನುವಾರ ಹುಡುಗ, ಅವನಪ್ಪ, ಇಬ್ಬರೇ ಬಂದರು. ತಾಯಿ ತೀರಿಕೊಂಡು ಬಹಳ ವರ್ಷವಾಗಿತ್ತು. ಅಪ್ಪ ಬಜ್ಜಿ ಕಚ್ಚಿ, ಕಣ್ಣೊರೆಸಿಕೊಂಡು, “ಲವ್ಲಿ” ಎಂದರು. ಬಾಯ್ಲರ್ ಉರಿಯುತ್ತಿತ್ತು. ಕಾಲುಚೀಲ ಹೊಸದು. ನಾನು ಉಸಿರು ಬಿಡುವಷ್ಟರಲ್ಲಿ ಭಾವ ತಮ್ಮ ಆಸ್ಪತ್ರೆಯ ಇಂಗ್ಲಿಷಿನಲ್ಲಿ ಶುರು ಮಾಡಿದರು.

“ಮಿಸ್ಟರ್ ಥಾರ್ನ್‌ಲಿ, ನೀವು ಸ್ಕೂಲಿನ ಥಾರ್ನ್‌ಲಿಯವರ ಪೈಕಿಯೋ, ಮಿಲ್ಲಿನವರ ಪೈಕಿಯೋ?”

“ದೊಡ್ಡಪ್ಪಾ, ಪ್ಲೀಸ್,” ಎಂದಳು ಮಗಳು.

ಹುಡುಗನ ಅಪ್ಪ ಕಪ್ಪು ಕೆಳಗಿಟ್ಟರು. “ರಸ್ತೆಯ ಪೈಕಿ. ಥಾರ್ನ್‌ಲಿ ರಸ್ತೆಯ ಚರ್ಚಿನ ಮೆಟ್ಟಿಲ ಮೇಲೆ ಕೂಸಾಗಿ ಸಿಕ್ಕವನು ನಾನು. ರಸ್ತೆಯ ಹೆಸರನ್ನೇ ಆಸ್ಪತ್ರೆಯ ನರ್ಸ್ ನನಗೂ ಇಟ್ಟಳು. ಇವನನ್ನು ಬಿಟ್ಟರೆ ಬೇರೆ ಯಾವ ಥಾರ್ನ್‌ಲಿಯೂ ನನಗೆ ಸಂಬಂಧವಿಲ್ಲ. ನಿಮ್ಮಲ್ಲಿ ಮನೆತನ ಮುಖ್ಯ ಅಂತ ಮಗ ಹೇಳಿದ. ಆಗದಿದ್ದರೆ ಈಗಲೇ ಹೇಳಿಬಿಡಿ, ಮಕ್ಕಳನ್ನು ಕಾಯಿಸಬೇಡಿ.”

ಮಗಳ ಕಡೆ ನೋಡಿದೆ. ವಾರವಿಡೀ ಚಿಂತಿಸಿದ್ದರೂ ಅವಳ ಆ ಮುಖವನ್ನು ನಾನು ಊಹಿಸಿರಲಿಲ್ಲ.

ಭಾವ ಎದ್ದರು. ತಮ್ಮ ಕಪ್ಪು, ಬಜ್ಜಿಯ ತಟ್ಟೆ ಎರಡನ್ನೂ ಎತ್ತಿಕೊಂಡು, ಕಾರ್ಪೆಟ್ ದಾಟಿ, ಎದುರು ಸೋಫಾದ ಬಳಿ ಹೋಗಿ ನಿಂತರು. ಏನೊಂದೂ ಅರ್ಥವಾಗದ ಆ ಮನುಷ್ಯ ಸರಿದು ಜಾಗ ಮಾಡಿಕೊಟ್ಟರು. ಭಾವ ಅವರ ಪಕ್ಕದಲ್ಲಿ ಗಟ್ಟಿಯಾಗಿ ಕೂತರು.

“ಗಂಡಿನ ಕಡಿ ಹಿರಿಯರ ಇಲ್ಲಂದ್ರ ಮಾತುಕತಿ ಹೆಂಗ ಆಕ್ಕೈತಿ?” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ, ಮದುವೆಯಾಗಿ ಬಂದ ದಿನದಿಂದ ನನ್ನನ್ನು ತಂಗಿ ಎನ್ನುತ್ತಿದ್ದವರು, ಬಹುವಚನಕ್ಕೇರಿದರು. “ಬೀಗಿತ್ತಿಯವರ, ನಮ್ಮವರ ಚಾ ಆರೈತಿ. ಬಿಸೀದು ತರ್ರಿ.”

ಅಷ್ಟೆಲ್ಲ ಹೆದರಿದ್ದಕ್ಕೆ ಆ ದಿನ ನಿಜವಾಗಿ ಆದ ಎಡವಟ್ಟು ಒಂದೇ. ಹೆಣ್ಣಿನ ಕಡೆಗೆ ಹಿರಿಯರೇ ಇಲ್ಲದಂತಾಯಿತು.