ಮೊಸರಿಗೆ ಹೆಪ್ಪು ಎಲ್ಲಿಂದ ಬಂತು?

ಬೆಳಗೋಡಿನ ನೆಂಟರ ಮನೆಯಲ್ಲಿ ಒಂದು ಸೌಟು ಪಲ್ಯ ನನ್ನ ತಟ್ಟೆಗೆ ಬೀಳುವ ಮೊದಲು ದೊಡ್ಡಮ್ಮ ಹನ್ನೊಂದು ಪ್ರಶ್ನೆ ಕೇಳಿದರು. ನಾನು ಎಣಿಸಿದ್ದೇನೆ. ಎಂ.ಟೆಕ್‌ಗೆಂದು ನಾನೊಂದು ಪುಟ್ಟ ಕಂಪೈಲರ್ ಬರೆಯುತ್ತಿದ್ದೇನೆ; ಬರೆದ ಪ್ರೋಗ್ರಾಮು ಸರಿಯಿದೆಯೇ ಎಂದು ಕೆದಕಿ ನೋಡಿ, ಅದನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶ. ಏಳನೇ ಕ್ಲಾಸು ಓದಿದ ದೊಡ್ಡಮ್ಮನೇ ಅದಕ್ಕಿಂತ ಒಳ್ಳೆಯ ಕಂಪೈಲರ್ ಎಂದರೆ ನಂಬುತ್ತೀರಾ?

ಕಡಲೆಕಾಯಿಯ ಒಂದು ಚೂರು ಒಳಗೆ ಹೋದರೂ ನನ್ನ ಗಂಟಲು ಊದಿ ಉಸಿರು ಕಟ್ಟುತ್ತದೆ. ಅದಕ್ಕೇ ಈ ತನಿಖೆ.

"ಪಲ್ಯಕ್ಕೆ ಏನೇನ್ ಹಾಕಿದ್ಯೇ?" ಬಡಿಸಲು ಬಂದ ಮನೆಯಾಕೆಯನ್ನು ದೊಡ್ಡಮ್ಮ ಕೇಳಿದರು.

"ಬೀನ್ಸು, ಕಾಯಿ, ಸಾರಿನ ಪುಡಿ."

"ಸಾರಿನ ಪುಡಿಗೆ?"

"ಅಯ್ಯೋ ಅಕ್ಕ, ನೀನೇನ್ ಪೊಲೀಸಾ? ಮೆಣಸಿನ್ಕಾಯಿ, ಕೊತ್ತಂಬ್ರಿ, ಜೀರ್ಗೆ."

"ಎಣ್ಣೆ ಯಾವ್ದು?"

"ಯಾವ್ದೋ ಐತೆ ಕಣಕ್ಕ!"

"ಹಂಗಾದ್ರೆ ಎಣ್ಣೆ ತೋರ್ಸು. ಎಣ್ಣೆ ಸರಿ ಇದ್ರೆ ಪಲ್ಯನೂ ಸರಿ."

ನನ್ನ ಕಂಪೈಲರ್ ಮಾಡಬೇಕಾದದ್ದೂ ಇಷ್ಟೇ! ಮಾಹಿತಿ ತುಂಬಿದ ಎರಡು ಪೆಟ್ಟಿಗೆಗಳನ್ನು ಹೋಲಿಸುವ ವಿಧಾನವನ್ನು ನೀನೇ ಹುಟ್ಟಿಸಿಕೋ ಎಂದರೆ, ಅದು ಒಳಗಿನ ಒಂದೊಂದು ವಸ್ತುವನ್ನೂ ನೋಡಿ, 'ಇದನ್ನು ಹೋಲಿಸಲು ಬಂದರೆ ಪೆಟ್ಟಿಗೆಯನ್ನೂ ಹೋಲಿಸಬಹುದು' ಎಂಬ ಷರತ್ತನ್ನು ತಾನೇ ಬರೆದುಕೊಳ್ಳಬೇಕು. ಆದರೆ ಪೆಟ್ಟಿಗೆಯೊಳಗೆ ಅಂಥದೇ ಮತ್ತೊಂದು ಪೆಟ್ಟಿಗೆ, ಅದರೊಳಗೆ ಇನ್ನೊಂದು ಬಂದರೆ ನನ್ನದು ಸುತ್ತುತ್ತಲೇ ಇತ್ತು. ಮೂರು ದಿನದಿಂದ!

ಮೊಸರು ಬಂತು.

"ಮೊಸರಿಗೆ?"

"ಹಾಲು, ಹೆಪ್ಪು."

"ಹೆಪ್ಪು ಯಾವ್ದು?"

"ನಿನ್ನೆ ಮೊಸರು."

ದೊಡ್ಡಮ್ಮನೂ ಸಿಕ್ಕಿಬಿದ್ದರು ಎಂದುಕೊಂಡೆ. ನಿನ್ನೆಯದಕ್ಕೆ ಮೊನ್ನೆಯದು, ಮೊನ್ನೆಯದಕ್ಕೆ ಆಚೆಮೊನ್ನೆಯದು... ಹೊತ್ತು ಮುಳುಗಿದರೂ ಮುಗಿಯುತ್ತದೆಯೇ?

"ಮೊಸರು ಸರಿ ಐತೆ ಅಂತ್ಲೇ ಇಟ್ಕ," ಎಂದರು ದೊಡ್ಡಮ್ಮ. "ಮಿಕ್ಕಿದ್ದು ನೋಡು. ಹಾಲು ಸರಿ ಐತೆ. ಇನ್ನೊಂದ್ ಸುತ್ತು ಕೇಳಿದ್ರೂ ಹೊಸದೇನೂ ಬರಾಕಿಲ್ಲ. ಉಣ್ಣು ಮಗ."

ಮೂರು ದಿನದಿಂದ ನನ್ನ ಕಂಪೈಲರ್‌ಗೆ ಬೇಕಿದ್ದುದೂ ಇದೇ! ಇದನ್ನು ಇವರಿಗೆ ಹೇಳಿಕೊಟ್ಟವರಾರು?

ಹೊರಡುವಾಗ ಆ ಮನೆಯಾಕೆ ನನ್ನನ್ನು ಪಕ್ಕಕ್ಕೆ ಕರೆದರು. "ನಿಮ್ ದೊಡ್ಡಮ್ಮಂಗೆ ಕಡ್ಲೆ ಮಿಠಾಯಿ ಅಂದ್ರೆ ಪ್ರಾಣ ಕಣವ್ವ. ಚಿಕ್ಕೋಳಿದ್ದಾಗ ನಿಂಗೆ ಉಸ್ರು ಕಟ್ತಲ್ಲ, ಅವತ್ತಿಂದ ಬಾಯಿಗಿಟ್ಟಿಲ್ಲ. ಇಪ್ಪತ್ತು ವರ್ಷ ಆಗ್ಬುಡ್ತು."

ಸಂಜೆ ದೊಡ್ಡಮ್ಮ ಹೇಳಿದಂತೆಯೇ ಬರೆದೆ: ಮೊದಲು ಷರತ್ತೇ ಇಲ್ಲವೆಂದುಕೋ, ಒಳಗೆ ನೋಡು, ಸಿಕ್ಕಿದ್ದನ್ನು ಸೇರಿಸು, ಮತ್ತೆ ನೋಡು, ಹೊಸದು ಬಾರದಿದ್ದರೆ ನಿಲ್ಲು. ಕಂಪೈಲರ್ ಕಣ್ಣು ಮಿಟುಕಿಸುವಷ್ಟರಲ್ಲಿ ಪೆಟ್ಟಿಗೆಯೊಳಗಿನ ಪೆಟ್ಟಿಗೆಯನ್ನೂ ಒಪ್ಪಿಕೊಂಡಿತು. ಕುಣಿಯಬೇಕಿತ್ತು; ತಲೆಯಲ್ಲಿ ಆ ಇಪ್ಪತ್ತು ವರ್ಷವೇ ಸುತ್ತುತ್ತಿತ್ತು.

ಮರುದಿನ ಬೆಳಿಗ್ಗೆ ಬಾಳ್ಳುಪೇಟೆಯ ಅಂಗಡಿಯಿಂದ ಒಂದು ಪೊಟ್ಟಣ ಕಡಲೆ ಮಿಠಾಯಿ ತಂದು, ಬಿಚ್ಚದೆ ದೊಡ್ಡಮ್ಮನ ಕೈಗಿಟ್ಟು, ಮನೆ ಮುಂದಿನ ಕಣದ ಆ ತುದಿಗೆ ಹೋಗಿ, ಅವರು ತಿಂದು ಮುಗಿಸಿ ಸೋಪು ಹಾಕಿ ಕೈ ತೊಳೆಯುವವರೆಗೂ ಬೇಲಿಯ ಹತ್ತಿರವೇ ನಿಂತಿದ್ದೆ.